ಐದು ಒಂಬತ್ತು ಒಂಬತ್ತು, ಇಪ್ಪತ್ತೆರಡು

ಸೆಪ್ಟೆಂಬರ್ ೮, ಸೋಮವಾರ

ಹಾಲು ಒಕ್ಕೂಟದವರು ವರ್ಷವರ್ಷವೂ ಕೊಡುವ ಈ ದಿನಚರಿ ಪುಸ್ತಕದಲ್ಲಿ ನಾನು ಇದುವರೆಗೆ ಒಂದಕ್ಷರ ಬರೆದವನಲ್ಲ. ಮಾತಾಡಲು ಜನರಿರುವಾಗ ಬರೆಯುವುದು ಯಾಕೆ? ಆದರೆ ನಾಳೆಯಿಂದ ಮೂರು ವಾರ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಉತ್ತರ ಬರುವುದಿಲ್ಲ. ಆದ್ದರಿಂದ ಸೆಪ್ಟೆಂಬರಿನ ಹಾಳೆಯಿಂದ ಶುರು ಮಾಡಿದ್ದೇನೆ. ಜನವರಿಯಿಂದ ಆಗಸ್ಟಿನವರೆಗಿನ ಖಾಲಿ ಹಾಳೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟೆಲ್ಲ ಹೇಳಬಹುದಿತ್ತು.

ವಿಷಯ ಹೀಗಿದೆ. ನನ್ನ ಹೆಂಡತಿ ಅನುಸೂಯ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯ ಮಿಸ್. ಯುಗಾದಿಯಿಂದ ಈಚೆಗೆ ಅವಳ ಗಂಟಲು ಕಟ್ಟುತ್ತಾ ಬಂತು. ಮಕ್ಕಳಿಗೆ ಹಾಡು ಹೇಳಿಕೊಡಲು ಹೋದರೆ ಅರ್ಧದಲ್ಲಿ ದನಿ ನಿಂತುಹೋಗುತ್ತಿತ್ತು. ಬೆಂಗಳೂರಿನ ಡಾಕ್ಟರಮ್ಮ ಒಳಗೆ ಕೊಳವೆ ಬಿಟ್ಟು ನೋಡಿ, ಧ್ವನಿತಂತಿಯ ಮೇಲೆ ಒಂದು ಗಂಟು ಇದೆ, ತೆಗೆಯಬೇಕು ಎಂದರು. ನಾಳೆ ಆಪರೇಷನ್. ಅದಾದ ಮೇಲೆ ಮೂರು ವಾರ ಒಂದು ಸದ್ದೂ ಮಾಡಕೂಡದು. ಪಿಸುಮಾತೂ ಇಲ್ಲ. ಹಟ ಮಾಡಿ ಮಾತಾಡಿದರೆ ಗಾಯ ಅಡ್ಡಾದಿಡ್ಡಿ ಮಾಗಿ ದನಿ ಶಾಶ್ವತವಾಗಿ ಒಡೆದುಹೋಗಬಹುದಂತೆ. ಅಷ್ಟು ಕೇಳಿದ ಮೇಲೆ ಅನುಸೂಯ ಯಲಹಂಕದಿಂದ ದೊಡ್ಡಬಳ್ಳಾಪುರದವರೆಗೆ ಬಸ್ಸಿನ ಕಿಟಕಿಯಿಂದ ಹೊರಗೇ ನೋಡುತ್ತಾ ಕೂತಿದ್ದಳು. ಅವಳಿಗೆ ಧೈರ್ಯವಾಗಲಿ ಎಂದು ನಾನು ದಾರಿಯುದ್ದಕ್ಕೂ ಮಾತಾಡಿದೆ.

ಮಾತಿನ ವಿಷಯದಲ್ಲಿ ನನಗೆ ಹೆಸರಿದೆ. ತೂಬಗೆರೆ ಹಾಲಿನ ಡೇರಿಯ ಕಾರ್ಯದರ್ಶಿ ಚಲಪತಿ ಎಂದರೆ ಯಾರಿಗೂ ಗೊತ್ತಾಗದಿದ್ದರೂ ವಂದನಾರ್ಪಣೆ ಚಲಪತಿ ಎಂದರೆ ಇಡೀ ಹೋಬಳಿಗೆ ಗೊತ್ತು. ಯಾವ ಸಭೆಯಾದರೂ ಕೊನೆಯ ವಂದನಾರ್ಪಣೆ ನನ್ನದೇ. ಶಾಮಿಯಾನ ಹಾಕಿದವನು, ಜನರೇಟರಿನವನು, ನೀರಿನ ಲೋಟ ತೊಳೆದವಳು, ಯಾರನ್ನೂ ಬಿಡುವುದಿಲ್ಲ. ಜನ ಎದ್ದು ಹೋಗುತ್ತಾರೆ, ನಿಜ. ಆದರೆ ಹೆಸರು ಹೇಳಿಸಿಕೊಂಡವರು ಕೂತಿರುತ್ತಾರೆ.

ಸೆಪ್ಟೆಂಬರ್ ೧೦, ಬುಧವಾರ

ಆಪರೇಷನ್ ಆಯಿತು, ಮನೆಗೆ ಬಂದೆವು. ಕಡಲೆಬೇಳೆಯ ಅರ್ಧದಷ್ಟು ಗಂಟಂತೆ, ನಾಡಿಗೆಲ್ಲ ಕೇಳಿಸುವ ದನಿಯನ್ನು ಅಷ್ಟು ಸಣ್ಣದು ಹಿಡಿದು ಕೂತಿತ್ತು.

ಹೊರಡುವಾಗ ಡಾಕ್ಟರಮ್ಮ, "ಮನೇಲಿ ಯಾರ್ಯಾರಿರ್ತೀರ?" ಎಂದು ಕೇಳಿದರು. ನಾವಿಬ್ಬರೇ, ಮಗಳು ರಂಜಿತ ಮದುವೆಯಾಗಿ ನೆಲಮಂಗಲದಲ್ಲಿದ್ದಾಳೆ, ಅಳಿಯ ಒಳ್ಳೆಯ ಹುಡುಗ, ಅವನ ಕಡೆಯವರು ಮೂಲತಃ ವಿಜಯಪುರದವರು ಎಂದು ಹೇಳುತ್ತಿದ್ದೆ. ಡಾಕ್ಟರಮ್ಮ ನಡುವೆ, "ನೀವೂ ಸ್ವಲ್ಪ ಕಮ್ಮಿ ಮಾತಾಡಿದ್ರೆ ಇವ್ರಿಗೆ ಸುಲಭ ಆಗುತ್ತೆ" ಎಂದರು. ತಮಾಷೆಯ ಹೆಂಗಸು.

ಅನುಸೂಯ ಶಾಲೆಯ ಸ್ಲೇಟು ಬಳಪ ತಂದಿಟ್ಟುಕೊಂಡಿದ್ದಾಳೆ. ಅವಳಿಗೆ ಕೈ ನೋಯದಿರಲಿ ಎಂದು ಅವಳು ಎರಡಕ್ಷರ ಬರೆಯುವಷ್ಟರಲ್ಲಿ ನಾನೇ ಊಹಿಸಿ ಹೇಳಿಬಿಡುತ್ತೇನೆ. ಮಧ್ಯಾಹ್ನ 'ಕಿ' ಎಂದು ಬರೆದಳು. ಕಿಟಕಿ ಹಾಕಲಾ, ಕಿವಿ ನೋವಾ, ಕಿತ್ತಳೆ ಹಣ್ಣು ಬೇಕಾ ಎಂದು ಕೇಳಿದೆ. ಅವಳು ಸ್ಲೇಟನ್ನು ಒರೆಸಿ ಮಲಗಿಬಿಟ್ಟಳು. ಆಯಾಸ ಇರಬೇಕು.

ಸೆಪ್ಟೆಂಬರ್ ೧೨, ಶುಕ್ರವಾರ

ಇವತ್ತು ಆಗಬಾರದ್ದು ಆಯಿತು.

ಪಕ್ಕದ ಮನೆಯ ಬೈರಮ್ಮ ಸೀಬೆಹಣ್ಣು ಹಿಡಿದುಕೊಂಡು ನೋಡಲು ಬಂದಳು. "ಹೆಂಗಿದೀಯವ್ವಾ?" ಎಂದು ಅನುಸೂಯಳನ್ನು ಕೇಳಿದಳು. ಪಾಪ, ಇವಳು ಹೇಗೆ ಉತ್ತರಿಸಬೇಕು? ನಾನೇ ಹೇಳಿದೆ. ನೋವು ಅಷ್ಟೇನಿಲ್ಲ, ರಾತ್ರಿ ಒಳ್ಳೆಯ ನಿದ್ದೆ, ಗಂಜಿಯೂ ಇಳಿಯಿತು ಎಂದೆ. ಅನುಸೂಯ ಬಳಪ ಹಿಡಿದು ಏನೋ ಬರೆಯತೊಡಗಿದಳು. "ಅದ್ಯಾಕೆ ಗಂಟಾಯ್ತಂತೆ?" ಎಂದಳು ಬೈರಮ್ಮ. "ಇನ್ನೇನು, ಮಕ್ಕಳ ಮೇಲೆ ಕಿರುಚಿ ಕಿರುಚಿ" ಎಂದೆ.

"ನಾನು ಕಿರುಚಲ್ಲ."

ಅದು ಅನುಸೂಯಳ ಬಾಯಿಂದ ಬಂತು. ಮಾತು ಎನ್ನಲಾರೆ. ಒಣಗಿದ ಮುಸುಕಿನ ಜೋಳದ ಗರಿ ಮುರಿದ ಹಾಗಿತ್ತು. ಅವಳು ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡಳು. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಪಿಸುಮಾತು ಜೋರು ಮಾತಿಗಿಂತ ಕೆಟ್ಟದ್ದು, ಒಂದು ಸಲಕ್ಕೆ ಏನೂ ಆಗಿರುವುದಿಲ್ಲ, ಇನ್ನೊಂದು ಸಲ ಆಗಬಾರದು ಎಂದು ಗದರಿದರು.

ಅನುಸೂಯ ಗೋಡೆಯ ಕಡೆ ತಿರುಗಿ ಸದ್ದಿಲ್ಲದೆ ಅತ್ತಳು. ಅಳುವುದಕ್ಕೂ ಅವಳಿಗೆ ದನಿ ಬಿಡುವ ಹಾಗಿಲ್ಲ. ಸ್ಲೇಟಿನಲ್ಲಿ ಅವಳು ಬರೆದಿದ್ದು ಅರ್ಧಕ್ಕೆ ನಿಂತಿತ್ತು, 'ರಾತ್ರಿ ನಿದ್ದೆ ಬರಲಿಲ್ಲ, ಗಂಜಿ'. ನನಗೆ ತುಂಬ ಭಯವಾಯಿತು. ಆ ಸದ್ದೇ ಕೊನೆಯವರೆಗೂ ಅವಳ ದನಿಯಾಗಿ ಉಳಿದುಬಿಟ್ಟರೆ?

ಬೈರಮ್ಮ ಅಷ್ಟೊಂದು ಪ್ರಶ್ನೆ ಕೇಳಬಾರದಿತ್ತು.

ಸೆಪ್ಟೆಂಬರ್ ೧೩, ಶನಿವಾರ

ಮನೆಯ ಗಾಳಿ ಸ್ವಲ್ಪ ತಿಳಿಯಾಗಲಿ ಎಂದೇನೋ ಮುರಳಿ ಬಂದ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುತ್ತಾನೆ, ನನಗಿಂತ ಹದಿನೈದು ವರ್ಷ ಚಿಕ್ಕವನು. ನಮ್ಮಿಬ್ಬರಿಗೂ ಇರುವ ಹುಚ್ಚು ಒಂದೇ, ಹವ್ಯಾಸಿ ರೇಡಿಯೋ. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ನಮ್ಮದೇ ಕಾಲ್‌ಸೈನ್, ಅಂದರೆ ಗುರುತಿನ ಅಕ್ಷರ ಸಂಖ್ಯೆ, ಇಟ್ಟುಕೊಂಡು, ಕಂಡು ಕೇಳದ ದೇಶದವರ ಜೊತೆ ಮಾತಾಡುವುದು. ಮುರಳಿಯ ಮನೆಯಲ್ಲಿ ಮಗ್ಗದ ಮೋಟಾರು ತಿರುಗಿದರೆ ರೇಡಿಯೋದಲ್ಲಿ ಬರೀ ಗರಗರ. ಆದ್ದರಿಂದ ಅವನ ಆಂಟೆನಾ ಕೂಡ ನಮ್ಮ ಹಿತ್ತಲಿನ ಎರಡು ಸಿಲ್ವರ್ ಮರಗಳ ನಡುವೆಯೇ ಇದೆ.

ಈ ತಿಂಗಳ ಕೊನೆಯ ಶನಿವಾರ ಭಾನುವಾರ ಟೆಲಿಟೈಪ್ ಸ್ಪರ್ಧೆ. ಇದರಲ್ಲಿ ಬಾಯಿಗೆ ಕೆಲಸವಿಲ್ಲ. ಕಂಪ್ಯೂಟರಿನಲ್ಲಿ ಒತ್ತಿದ ಅಕ್ಷರಗಳು ಎರಡು ಸ್ವರಗಳಾಗಿ ಗಾಳಿಗೆ ಹೋಗುತ್ತವೆ, ಕೇಳಿದರೆ ಜೀರುಂಡೆಗೆ ಬಿಕ್ಕಳಿಕೆ ಬಂದ ಹಾಗಿರುತ್ತದೆ. ಆ ಕಡೆಯವರ ಪರದೆಯ ಮೇಲೆ ಅವು ಮತ್ತೆ ಅಕ್ಷರಗಳಾಗುತ್ತವೆ. ಎರಡು ದಿನದಲ್ಲಿ ಯಾರು ಹೆಚ್ಚು ಜನರನ್ನು ಮುಟ್ಟುತ್ತಾರೋ ಅವರು ಗೆದ್ದರು. ಹೇಳಬೇಕಾದ್ದನ್ನು ಮೊದಲೇ ಬರೆದು ಕೀಬೋರ್ಡಿನ ಒಂದೊಂದು ಕೀಲಿಗೆ ಕಟ್ಟಿಟ್ಟಿರುತ್ತೇವೆ. ಒತ್ತಿದರೆ ಸಾಕು.

ಮುರಳಿ ನನ್ನ ಎರಡನೇ ಕೀಲಿಯಲ್ಲಿ ಏನಿದೆ ಎಂದು ತೆರೆದು ನೋಡಿದ. ಪ್ರಿಯ ಮಿತ್ರರೇ ಶುಭೋದಯ, ನನ್ನ ಕರೆಗೆ ಓಗೊಟ್ಟಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು, ನನ್ನ ಹೆಸರು ಚಲಪತಿ, ಊರು ಮಾಕಳಿದುರ್ಗದ ಬೆಟ್ಟದ ಸಮೀಪದ ತೂಬಗೆರೆ, ಇಲ್ಲಿ ಹವಾಮಾನ ಹಿತಕರವಾಗಿದೆ ಎಂದು ಇಂಗ್ಲಿಷಿನಲ್ಲಿ ಅಂದವಾಗಿ ಬರೆದಿದ್ದೆ.

"ಅಣ್ಣಾ, ಇದೇನಣ್ಣಾ, ಲಗ್ನಪತ್ರಿಕೆ ಇದ್ದಂಗೈತೆ" ಎಂದ.

"ಮನುಷ್ಯ ಅಂದ್ಮೇಲೆ ಒಂದು ಮರ್ಯಾದೆ ಬೇಡ್ವೇನಪ್ಪಾ?"

"ಟೆಲಿಟೈಪು ಸೆಕೆಂಡಿಗೆ ಆರಕ್ಷರ ಓಡ್ತದೆ ಅಷ್ಟೇ. ನೀವು ಹವಾಮಾನದ ತಂಕ ಬರೋ ಹೊತ್ಗೆ ಅವ್ನು ಇನ್ನಾರ್ನೋ ಹುಡಿಕ್ಕೊಂಡು ಹೋಗಿರ್ತಾನೆ. ಅವನ ಕಾಲ್‌ಸೈನು ಒಂದ್ಸಲ. ಐದು ಒಂಬತ್ತು ಒಂಬತ್ತು. ಇಪ್ಪತ್ತೆರಡು, ಇಪ್ಪತ್ತೆರಡು. ಮುಗೀತು."

ಇಪ್ಪತ್ತೆರಡು ನಮ್ಮ ದೇಶವಿರುವ ವಲಯದ ಸಂಖ್ಯೆ, ತಪ್ಪದಿರಲಿ ಎಂದು ಎರಡು ಸಲ. ಐದು ಒಂಬತ್ತು ಒಂಬತ್ತು ಎಂದರೆ ನಿಮ್ಮ ಸಿಗ್ನಲ್ ಅತ್ಯುತ್ತಮವಾಗಿ ಕೇಳುತ್ತಿದೆ ಎಂದು. ಕೇಳಲಿ ಬಿಡಲಿ, ಎಲ್ಲರೂ ಎಲ್ಲರಿಗೂ ಅದನ್ನೇ ಕೊಡುತ್ತಾರೆ. ಇದು ಸುಳ್ಳಲ್ಲವೇ ಎಂದು ಕೇಳಿದೆ.

"ಮದುವೆ ಮನೇಲಿ ಊಟ ಹೆಂಗಿತ್ತು ಅಂದ್ರೆ ಚೆನ್ನಾಗಿತ್ತು ಅನ್ನಲ್ವಾ? ಹಂಗೇ" ಎಂದ ಮುರಳಿ.

ಒಳಕೋಣೆಯಿಂದ ಏನೋ ಕುರ್ಚಿ ಜರುಗಿದ ಸದ್ದು. ಹೋಗಿ ನೋಡಿದರೆ ಅನುಸೂಯ ಸೆರಗಿನಿಂದ ಬಾಯಿ ಒತ್ತಿ ಹಿಡಿದು ಮುದುಡಿಕೊಂಡಿದ್ದಳು. ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ನಗುತ್ತಿದ್ದಾಳೆ. ನಗುವುದೂ ಬೇಡ ಎಂದಿದ್ದಾರೆ ಡಾಕ್ಟರಮ್ಮ. ಸ್ಲೇಟಿನಲ್ಲಿ ದೊಡ್ಡದಾಗಿ 'ಲಗ್ನಪತ್ರಿಕೆ' ಎಂದು ಬರೆದಿದ್ದಳು.

ಸೆಪ್ಟೆಂಬರ್ ೧೫, ಸೋಮವಾರ

ಡೇರಿ ಮುಗಿಸಿ ಬಂದು ಕೀಲಿಗಳಿಗೆ ಕತ್ತರಿ ಹಾಕಲು ಕೂತೆ. ಹವಾಮಾನ ಹೋಯಿತು. ಮಾಕಳಿದುರ್ಗ ಹೋಯಿತು. ಪ್ರಿಯ ಮಿತ್ರರೇ ಹೋಯಿತು. ನನ್ನ ಹೆಸರನ್ನು ಎರಡು ಸಲ ಅಳಿಸಿ, ಎರಡು ಸಲ ಮತ್ತೆ ಹಾಕಿ, ಕೊನೆಗೆ ತೆಗೆದೆ. ಮೂರನೇ ಕೀಲಿಯ ವಂದನಾರ್ಪಣೆಯನ್ನು ಎರಡಕ್ಷರಕ್ಕೆ ಇಳಿಸಬೇಕಂತೆ, ಟಿ ಮತ್ತು ಯು. ಇಪ್ಪತ್ತು ವರ್ಷ ಕಟ್ಟಿದ ಹೆಸರು ಎರಡಕ್ಷರಕ್ಕೆ ಬಂದು ನಿಂತಿತು.

ಸಂಜೆ ಮುರಳಿ ಬಂದು ಪಕ್ಕದಲ್ಲಿ ಕೂತ. ನಾನು ಕರೆ ಕೊಟ್ಟೆ, ಯಾರೂ ಬರಲಿಲ್ಲ, ಮತ್ತೆ ಕೊಟ್ಟೆ, ಮತ್ತೆ ಕೊಟ್ಟೆ.

"ಅಣ್ಣಾ, ನಡುವೆ ಜಾಗ ಬಿಡಿ. ಬಂದೋನು ಬಾಗ್ಲು ತಟ್ಟಬೇಕು ಅಂತ ಕೈ ಎತ್ತೋದ್ರೊಳ್ಗೆ ನೀವು ಒಳಗಿಂದ ಇನ್ನೊಂದ್ಸಲ ಕೂಗಿರ್ತೀರ. ನೀವು ಕೂಗುವಾಗ ನಿಮಗೆ ಏನೂ ಕೇಳಿಸಲ್ಲ."

ಎಷ್ಟು ಜಾಗ ಎಂದೆ. ನಾಲ್ಕು ಸೆಕೆಂಡ್ ಎಂದ. ನಾಲ್ಕು ಸೆಕೆಂಡ್ ಎಷ್ಟು ಉದ್ದವಿರುತ್ತದೆ ಎಂದು ನನಗೆ ಇದುವರೆಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ ೧೭, ಬುಧವಾರ

ಒಂದು ವಿಷಯ ಬರೆಯುವುದು ಮರೆತಿದ್ದೆ. ಅನುಸೂಯಳಿಗೂ ಲೈಸೆನ್ಸ್ ಇದೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಪರೀಕ್ಷೆ ಬರೆದೆವು. ಅವಳು ಮೊದಲ ಸಲಕ್ಕೆ ಪಾಸಾದಳು, ನಾನು ಎರಡನೆಯದಕ್ಕೆ. ಕಾಲ್‌ಸೈನ್ ಬಂದು ಇಷ್ಟು ವರ್ಷವಾದರೂ ಅವಳು ಗಾಳಿಗೆ ಬಂದವಳಲ್ಲ, ನವೀಕರಣ ಮಾತ್ರ ತಪ್ಪದೆ ಮಾಡಿಸುತ್ತಾಳೆ. ಯಾಕೆ ಬರಲಿಲ್ಲ ಎಂದು ಇವತ್ತು ಮುರಳಿಯ ಎದುರಿಗೇ ಕೇಳಿದೆ. ಅವಳು ಬರೆದು ಮುಗಿಸುವವರೆಗೆ ಕಾಯ್ದೆ, ಅಭ್ಯಾಸಕ್ಕೆಂದು ಮನಸ್ಸಿನಲ್ಲೇ ಸೆಕೆಂಡ್ ಎಣಿಸುತ್ತಿದ್ದೆ.

'ಮೈಕು ಖಾಲಿ ಇರಲಿಲ್ಲ' ಎಂದು ಬರೆದಿದ್ದಳು.

ತಮಾಷೆಗೆ ಎಂದುಕೊಂಡು ಅವಳ ಮುಖ ನೋಡಿದೆ. ತಮಾಷೆಗಲ್ಲ. ಎದ್ದು ಕುರ್ಚಿ ಬಿಟ್ಟುಕೊಟ್ಟೆ.

ಅವಳು ಕೂತು ತನ್ನ ಕಾಲ್‌ಸೈನಿನಲ್ಲಿ ಒಂದು ಕರೆ ಕೊಟ್ಟಳು. ಮೂರು ಜನ ಒಟ್ಟಿಗೆ ಬಂದುಬಿದ್ದರು. ಹೀಗಾದಾಗ ಪರದೆ ಕಲಸುಮೇಲೋಗರವಾಗುತ್ತದೆ, ನಾನಾಗಿದ್ದರೆ ಎಲ್ಲರೂ ದಯವಿಟ್ಟು ಮತ್ತೆ ಹೇಳಿ ಎನ್ನುತ್ತಿದ್ದೆ. ಅನುಸೂಯ ಆ ಗಲಾಟೆಯಲ್ಲಿ ಎರಡು ಕಾಲ್‌ಸೈನ್ ಹೆಕ್ಕಿದಳು. ಒಂದಕ್ಕೆ ಉತ್ತರ ಕೊಟ್ಟಳು. ಅವನದು ಮುಗಿದ ಕೂಡಲೇ, ಧನ್ಯವಾದದ ಎರಡಕ್ಷರದ ಬೆನ್ನಿಗೇ ಎರಡನೆಯವನ ಕಾಲ್‌ಸೈನ್ ಬರೆದು ಅವನಿಗೂ ಐದು ಒಂಬತ್ತು ಒಂಬತ್ತು ಕೊಟ್ಟಳು. ಹೊಸದಾಗಿ ಕರೆಯಲೇ ಇಲ್ಲ. ಮೂರನೆಯವನು ಜಾಣ ಹುಡುಗನ ಹಾಗೆ ಸರದಿ ಕಾಯುತ್ತಾ ನಿಂತಿದ್ದ.

"ಅಕ್ಕಾ, ಇದನ್ನ ಕಲ್ಯಕ್ಕೆ ನಂಗೆ ಎರಡು ವರ್ಷ ಹಿಡೀತು. ನಿಮಗೆ ಯಾರು ಹೇಳ್ಕೊಟ್ರು?" ಎಂದ ಮುರಳಿ.

ಅವಳು ಬಳಪ ಎತ್ತಿಕೊಂಡಳು. 'ಒಂದನೇ ಕ್ಲಾಸು. ಮೂವತ್ತು ಮಕ್ಕಳು ಒಟ್ಟಿಗೆ ಮಿಸ್ ಮಿಸ್ ಅಂತಾರೆ. ಒಬ್ಬನ ಸ್ಲೇಟು ನೋಡ್ತಾ ಇನ್ನೊಬ್ಬನಿಗೆ ಕಣ್ಣಲ್ಲೇ ನೀನು ಅಂತೀನಿ.' ಒರೆಸಿ, ಮತ್ತೆ ಬರೆದು, ಸ್ಲೇಟನ್ನು ನನ್ನ ಕಡೆ ತಿರುಗಿಸಿದಳು. 'ಕಿರುಚಲ್ಲ.'

ಸೆಪ್ಟೆಂಬರ್ ೧೯, ಶುಕ್ರವಾರ

ಸ್ಪರ್ಧೆಗೆ ಅವಳ ಕಾಲ್‌ಸೈನನ್ನೇ ಹಾಕುವುದು ಎಂದು ತೀರ್ಮಾನವಾಯಿತು. ಮೂವರೂ ಸರದಿಯ ಮೇಲೆ ಕೂರುವುದು.

ಇವತ್ತಿನ ಪಾಠ, ಕೀಲಿಯ ಸಂದೇಶ ಹೊಸ ಸಾಲಿನಿಂದ ಶುರುವಾಗಬೇಕು, ಒಂದು ಖಾಲಿ ಜಾಗದಿಂದ ಮುಗಿಯಬೇಕು. ಇಲ್ಲದಿದ್ದರೆ ಗಾಳಿಯಲ್ಲಿರುವ ಕಸದ ಅಕ್ಷರಗಳು ಹಿಂದೆ ಮುಂದೆ ಅಂಟಿಕೊಂಡು ಓದಲು ಬರುವುದಿಲ್ಲ.

ಬೈರಮ್ಮ ಮತ್ತೆ ಬಂದಿದ್ದಳು. ಹೆಂಗಿದೀಯವ್ವಾ ಎಂದಳು. ನಾನು ಅನುಸೂಯಳ ಕಡೆ ನೋಡಿದೆ. ಅವಳು ಬರೆದು ತೋರಿಸಿದಳು. ಬೈರಮ್ಮನಿಗೆ ಓದು ಬಾರದ್ದರಿಂದ ನಾನು ಓದಿ ಹೇಳಿದೆ. ಇದ್ದಷ್ಟು ಮಾತ್ರ.

ಸೆಪ್ಟೆಂಬರ್ ೨೧, ಭಾನುವಾರ

ಡೇರಿಯ ಸರ್ವಸದಸ್ಯರ ಸಭೆ. ಎಂದಿನಂತೆ ಕೊನೆಗೆ ನನ್ನ ವಂದನಾರ್ಪಣೆ. ಮೈಕ್ ಹಿಡಿದು, "ಬಂದ ಎಲ್ಲರಿಗೂ ವಂದನೆ. ಹಾಲು ಹಾಕಿದ ಎಲ್ಲರಿಗೂ ವಂದನೆ. ಊಟಕ್ಕೆ ಏಳಿ" ಎಂದು ಕೂತೆ. ಜನ ಏಳಲಿಲ್ಲ. ಇನ್ನೂ ಇದೆ ಎಂದು ಕಾಯುತ್ತಿದ್ದರು.

ಅಧ್ಯಕ್ಷರಾದ ದೊಡ್ಡಮುನಿಯಪ್ಪ ಬಗ್ಗಿ, "ಏನಪ್ಪಾ ಸೆಕ್ರೆಟ್ರಿ, ಮೈ ಹುಷಾರಿಲ್ವಾ?" ಎಂದು ಕೇಳಿದರು. ಅಷ್ಟರಲ್ಲಿ ಅಡುಗೆಯವನು ಓಡಿಬಂದ. ಪ್ರತಿ ವರ್ಷ ನಾನು ಮೈಕ್ ಹಿಡಿದ ಮೇಲೆಯೇ ಅಕ್ಕಿ ಹಾಕುವುದು, ವಂದನಾರ್ಪಣೆ ಮುಗಿಯುವುದಕ್ಕೂ ಅನ್ನ ಬಸಿಯುವುದಕ್ಕೂ ಸರಿಹೋಗುತ್ತಿತ್ತಂತೆ. "ಹಿಂಗೆ ಕೈ ಕೊಟ್ರೆ ಹೆಂಗಣ್ಣಾ" ಎಂದು ನನ್ನ ಮೇಲೇ ರೇಗಿದ. ಜನ ಎಲೆ ಮುಂದೆ ಹಪ್ಪಳ ತಿನ್ನುತ್ತಾ ಕೂತಿದ್ದರು. ಬೇರೆಯವರ ಅಡುಗೆಗೂ ನಾನೇ ಜವಾಬ್ದಾರನೇ?

ಸೆಪ್ಟೆಂಬರ್ ೨೪, ಬುಧವಾರ

ಸಂಜೆ ರಂಜಿತಳ ಫೋನ್. ದಿನವೂ ನಾನೇ ಅಮ್ಮನ ವರದಿ ಒಪ್ಪಿಸುತ್ತಿದ್ದೆ. ಇವತ್ತು ಫೋನನ್ನು ಅನುಸೂಯಳ ಮುಂದೆ ಹಿಡಿದೆ. ಮಗಳು ಕೇಳುತ್ತಾ ಹೋದಳು, ಇವಳು ಬೆರಳಿನಿಂದ ಫೋನಿನ ಬೆನ್ನು ತಟ್ಟಿದಳು. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ತಾಯಿ ಮಗಳು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ನನಗೆ ಕೈ ನೋವು ಬಂತು.

ಸೆಪ್ಟೆಂಬರ್ ೨೬, ಶುಕ್ರವಾರ

ಆಂಟೆನಾ ಬಿಗಿಯಾಗಿದೆ. ಬ್ಯಾಟರಿ ತುಂಬಿದೆ. ಕೀಲಿಗಳು ಸರಿಯಾಗಿವೆ. ಬೇಗ ಮಲಗುವುದು.

ಸೆಪ್ಟೆಂಬರ್ ೨೭, ಶನಿವಾರ

ಬೆಳಗಿನ ಐದೂವರೆಗೆ ಶುರು. ಮುರಳಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. ಮೊದಲ ಸರದಿ ಅವನದು, ಆಮೇಲೆ ನನ್ನದು.

ಚೆನ್ನಾಗಿಯೇ ನಡೆಯುತ್ತಿತ್ತು. ಜಪಾನಿನವರು ಸಾಲಾಗಿ ಬರುತ್ತಿದ್ದರು. ಕಾಲ್‌ಸೈನ್, ಐದು ಒಂಬತ್ತು ಒಂಬತ್ತು, ಇಪ್ಪತ್ತೆರಡು ಇಪ್ಪತ್ತೆರಡು. ಒಬ್ಬ ಮಾತ್ರ ಕೊನೆಯಲ್ಲಿ, ಈ ಸ್ಟೇಷನ್ ನನಗೆ ಹೊಸದು, ತುಂಬ ಸಂತೋಷ ಎಂದು ಬರೆದ. ನನಗೆ ತಡೆಯಲಾಗಲಿಲ್ಲ. ಕೀಲಿ ಬಿಟ್ಟು ಕೈಯಲ್ಲೇ ಟೈಪು ಮಾಡಿದೆ. ನಿಮ್ಮ ಸೌಜನ್ಯಕ್ಕೆ ನಮ್ಮ ಕುಟುಂಬದ ಪರವಾಗಿ ಎನ್ನುವಷ್ಟರಲ್ಲಿ ಅನುಸೂಯ ಬಳಪದಿಂದ ನನ್ನ ಬೆರಳ ಗೆಣ್ಣಿಗೆ ಟಕ್ ಎಂದು ಹೊಡೆದಳು. ಒಂದನೇ ತರಗತಿಯವರಿಗೂ ಹೀಗೇ ಹೊಡೆಯುತ್ತಾಳೋ ಏನೋ. ತಲೆ ಎತ್ತಿ ನೋಡಿದರೆ ಕಾಯುತ್ತಿದ್ದವರು ಯಾರೂ ಇರಲಿಲ್ಲ.

ಹತ್ತು ಗಂಟೆಯಿಂದ ಅವಳು ಕೂತಳು. ನಾನು ಪಕ್ಕದಲ್ಲಿ ಇಡ್ಲಿ ತಿನ್ನುತ್ತಾ ನೋಡುತ್ತಿದ್ದೆ, ಆಮೇಲೆ ಇಡ್ಲಿ ಮರೆತೆ. ಒಬ್ಬನಿಗೆ ಸಂಖ್ಯೆ ಕೊಡುತ್ತಾ ಇನ್ನೊಬ್ಬನನ್ನು ನೆನಪಿಟ್ಟುಕೊಳ್ಳುತ್ತಾಳೆ. ಅಕ್ಷರ ಒಡೆದು ಬಂದರೆ ಪೂರ್ತಿ ಮತ್ತೆ ಹೇಳು ಎನ್ನುವುದಿಲ್ಲ, ಗೊತ್ತಾದ ಭಾಗ ಬರೆದು ಪ್ರಶ್ನೆಚಿಹ್ನೆ ಹಾಕುತ್ತಾಳೆ. ಬಿಟ್ಟ ಸ್ಥಳ ಅವನೇ ತುಂಬುತ್ತಾನೆ. ರಷ್ಯಾ, ಇಟಲಿ, ಜಪಾನ್, ಎಲ್ಲರೂ ಅವಳ ತರಗತಿಯಲ್ಲಿ ಕೈ ಕಟ್ಟಿ ಕೂತ ಹಾಗಿದ್ದರು. ಅವಳಿಗೆ ದನಿ ಇಲ್ಲ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ಮುಖ ಎಷ್ಟು ಚೆನ್ನಾಗಿತ್ತು. ಬಹಳ ದಿನದಿಂದ ಅವಳನ್ನು ಹಾಗೆ ಕಂಡಿರಲಿಲ್ಲ.

ಮುರಳಿ ತನ್ನ ಸರದಿ ಬಂದರೂ ಕೇಳಲಿಲ್ಲ. "ಅಕ್ಕ ಕೂತ್ಕಂಡಿರ್ಲಿ ಬಿಡಿ ಗುರು" ಎಂದ. ಅಣ್ಣ ಎನ್ನುತ್ತಿದ್ದವನು ಗುರು ಎಂದಿದ್ದು ಇದೇ ಮೊದಲು, ಸಂತೋಷ ಬಂದರೆ ಮಗ್ಗದವರಿಗೆ ವರಸೆ ನೆನಪಿರುವುದಿಲ್ಲ.

ಸೆಪ್ಟೆಂಬರ್ ೨೮, ಭಾನುವಾರ

ಮಧ್ಯಾಹ್ನ ಜನ ಕಮ್ಮಿಯಾದರು. ಅನುಸೂಯ ಕರೆ ಕೊಟ್ಟು ಕಾಯುವಳು, ಕರೆ ಕೊಟ್ಟು ಕಾಯುವಳು. ಪರದೆಯ ಮೇಲೆ ಬರೀ ಕಸದ ಅಕ್ಷರಗಳು. ಯಾರೂ ಇಲ್ಲ, ಬೇರೆ ಕಡೆ ಹೋಗೋಣ ಎಂದು ನಾನು ಬಾಯಿ ತೆರೆದೆ. ಅವಳು ಅಂಗೈ ಎತ್ತಿ ತಡೆದಳು, ಗಲಾಟೆ ಮಾಡುವ ಹುಡುಗನಿಗೆ ತೋರಿಸುವ ಹಾಗೆ. ಆ ಕಸದೊಳಗೆ ಎರಡು ಅಕ್ಷರ ಮತ್ತೆ ಮತ್ತೆ ಬರುತ್ತಿದ್ದವು. ನನಗೆ ಕಂಡಿರಲಿಲ್ಲ. ಅವಳು ಆ ಎರಡನ್ನೇ ಬರೆದು ಪ್ರಶ್ನೆಚಿಹ್ನೆ ಹಾಕಿದಳು. ಕಾಯ್ದಳು. ಇನ್ನೊಂದಕ್ಷರ ಬಂತು. ಮತ್ತೆ ಕಾಯ್ದಳು. ಯಾವುದೋ ದಿಕ್ಕಿಲ್ಲದ ದ್ವೀಪದವನಿರಬೇಕು ಎಂದು ಮುರಳಿ ಉಸಿರು ಹಿಡಿದ. ಕಾಲ್‌ಸೈನ್ ಪೂರ್ತಿಯಾಯಿತು.

ಹೊಸಕೋಟೆಯ ಆವಲಪ್ಪನವರು.

ನಮ್ಮ ರೇಡಿಯೋ ಸಂಘದ ಹಿರಿಯರು. ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸು ಬರುವಷ್ಟು ದೂರದ ಊರು. ಐದು ನಿಮಿಷದಲ್ಲಿ ಅವರದೇ ಫೋನ್ ಬಂತು. "ನಿನ್ನೆಯಿಂದ ಕರೀತಾನೇ ಇದೀನಿ ಕಣಯ್ಯ. ಜಪಾನಿನೋರಿಗೆಲ್ಲ ಉತ್ರ ಕೊಡ್ತೀಯ, ನಂಗಿಲ್ಲ. ಈಗ ಕೇಳಿಸ್ಕೊಂಡೋರ್ಯಾರು?"

"ಅನುಸೂಯ" ಎಂದೆ.

ಹತ್ತಿರದವರು ಯಾಕೆ ಕೇಳಿಸುವುದಿಲ್ಲ ಎಂದು ಮುರಳಿ ವಿವರಿಸಿದ. ಅಲೆ ಮೇಲಕ್ಕೆ ಹೋಗಿ, ಆಕಾಶಕ್ಕೆ ತಾಗಿ, ದೂರಕ್ಕೆ ಬೀಳುತ್ತದೆ. ಹತ್ತಿರದವರ ತಲೆಯ ಮೇಲಿಂದ ಹಾರಿಹೋಗುತ್ತದೆ. ಇದು ನನಗೂ ಗೊತ್ತು, ಲೈಸೆನ್ಸ್ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಇನ್ನೊಂದು ಸಲ ಹೇಳು ಎಂದು ಹೇಳಿಸಿಕೊಂಡೆ.

ಸೆಪ್ಟೆಂಬರ್ ೩೦, ಮಂಗಳವಾರ

ಬೆಂಗಳೂರಿಗೆ ಹೋಗಿದ್ದೆವು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅನುಸೂಯ ಬರೆದಳು, 'ಬರದಿದ್ದರೆ?'

ಸ್ಲೇಟು ಹಿಡಿದಿದ್ದ ಅವಳ ಕೈ ಹಿಡಿದುಕೊಂಡು ಕೂತೆ.

ಡಾಕ್ಟರಮ್ಮ ಕೊಳವೆ ಬಿಟ್ಟು ನೋಡಿದರು. ಗಾಯ ಮಾಗಿದೆ ಎಂದರು. "ಈಗ ನಿಧಾನವಾಗಿ ನಿಮ್ಮ ಹೆಸರು ಹೇಳಿ."

ಅನುಸೂಯ ಬಾಯಿ ತೆರೆದಳು. ಬರೀ ಗಾಳಿ. ನನ್ನನ್ನು ನೋಡಿದಳು. ಅವಳ ಹೆಸರು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಹಲ್ಲು ಕಚ್ಚಿ ಹಿಡಿದೆ. ಡಾಕ್ಟರಮ್ಮ ಏನೋ ಹೇಳಹೊರಟರು. ನಾನು ಅಂಗೈ ಎತ್ತಿ ತಡೆದೆ. ಹೊರಗೆ ಯಾರದೋ ಟೋಕನ್ ನಂಬರ್ ಕೂಗಿದರು.

"ಅನುಸೂಯ."

ಸ್ವಲ್ಪ ತಗ್ಗಿದ ದನಿ. ಆದರೆ ಅವಳದೇ, ಎಲ್ಲೂ ಒಡೆದಿರಲಿಲ್ಲ.

"ಇನ್ನೊಂದ್ಸಲ ಹೇಳಿ ನೋಡೋಣ" ಎಂದರು ಡಾಕ್ಟರಮ್ಮ.

"ಬೇಡ ಡಾಕ್ಟ್ರೇ" ಎಂದೆ. "ಬಂತು. ಪೂರ್ತಿ ಬಂತು."

ಅಲ್ಲೇ ಅತ್ತುಬಿಟ್ಟೆ. ನಾಚಿಕೆಯಾಗಲಿಲ್ಲ.

ಅಕ್ಟೋಬರ್ ೧, ಬುಧವಾರ

ಆಯುಧಪೂಜೆ. ಡೇರಿಯ ತಕ್ಕಡಿಗೆ, ಸ್ಕೂಟರಿಗೆ, ರೇಡಿಯೋಗೆ, ಸ್ಲೇಟಿಗೆ ಕುಂಕುಮ ಇಟ್ಟೆವು.

ಒಂದು ವಾರ ಅನುಸೂಯಳಿಗೆ ದಿನಕ್ಕೆ ಐದು ನಿಮಿಷ ಮಾತ್ರ ಮಾತು. ಬೆಳಗಿನಿಂದ ಖರ್ಚು ಮಾಡದೆ ಇಟ್ಟುಕೊಂಡಿದ್ದಳು. ಸಂಜೆ ಹಿತ್ತಲ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತಳು.

"ರೀ" ಎಂದಳು. "ನಿಮಗೇನಾಗಿದೆ? ಇಷ್ಟು ದಿನದಿಂದ ನೋಡ್ತಿದೀನಿ, ಮಾತೇ ಇಲ್ಲ."

ನನಗೇನಾಗಿದೆ? ಏನೂ ಆಗಿಲ್ಲ.

"ಇನ್ನೂ ಟೈಮಿದೆ" ಎಂದೆ. "ನೀನು ಹೇಳು."